ಸರ್ಟಿಫಿಕೇಟ್ ಬರೋತನಕ ನಮ್ಮ ಮಾಲು ತಗೊಳ್ಳೋರ್ಯಾರು?

ಈ ಸಲ ನನ್ನ ಅಂಕಣಕ್ಕ ಬಂದ ಪತ್ರದಾಗ ಮುಕ್ಕಾಲು ಪಾಲು ಸಾವಯವದ್ದ ಅದಾವ. ಪ್ಯಾಟಿ ಮಂದಿ "ಇದು ಖರೇನ ಐತೇನ್ರಿ" ಅಂತ ಕೇಳ್ಯಾರ, ಹಳ್ಳಿ ಮಂದಿ "ಇದರಾಗ ಹೊಟ್ಟಿ ತುಂಬತೈತೇನ್ರಿ" ಅಂತ ಕೇಳ್ಯಾರ. ನಾನು ಮುಧೋಳ ತಾಲೂಕಿನಾಗ ಕಬ್ಬು, ಅರಿಷಿಣ ಮಾಡೋ ಮನಷ್ಯಾ, ಎರಡೆಕರೆ ಸಾವಯವಕ್ಕ ತಿರುಗಿಸಿ ನಷ್ಟಾನೂ ಉಂಡೇನಿ, ಕೈ ಹಿಡಿದ ಗಿರಾಕಿನೂ ಪಡದೇನಿ, ಹಂಗಾಗಿ ಕಂಡದ್ದ ಬರೀತೀನಿ.

ಬೆಳಗಾವಿ ಟಿಳಕವಾಡಿಯಿಂದ ಒಬ್ಬ ಶಿಕ್ಷಕಿ: ಅಂಗಡ್ಯಾಗ ಸಾವಯವ ತೊಗರಿ ಬ್ಯಾಳಿ, ಬೆಲ್ಲ ಅಂತ ಹೆಚ್ಚಿನ ರೊಕ್ಕ ಕೊಟ್ಟು ತರ್ತೀವಿ. ಅದು ಖರೇ ಸಾವಯವ ಅಂತ ಗುರುತು ಹಿಡಿಯೋದ ಹ್ಯಾಂಗ್ರಿ? ರುಚಿ ನೋಡಿ ಗೊತ್ತಾಗತೈತೇನು?

ಅಕ್ಕಾರ, ರುಚಿ ನೋಡಿ ಗೊತ್ತಾಗಂಗಿಲ್ರಿ, ಮೂವತ್ತು ವರ್ಷ ಒಕ್ಕಲುತನ ಮಾಡಿದ ನನಗ ಗೊತ್ತಾಗಂಗಿಲ್ಲ. ಪಾಕೀಟಿನ ಮುಂದಿನ ಚಿತ್ರ ನೋಡಬ್ಯಾಡ್ರಿ, ಹಿಂದ ತಿರುಗಿಸಿ ನೋಡ್ರಿ. ಮುಂದ ಹಸಿರು ಎಲಿ, ಆಕಳು, ಅಜ್ಜಿ, "ನ್ಯಾಚುರಲ್", "ಪ್ಯೂರ್", "ಫಾರ್ಮ್ ಫ್ರೆಶ್" ಅಂತ ಏನರ ಹಾಕಿರಲಿ, ಅವು ಯಾವೂ ಸಾವಯವ ಅನ್ನೋದಕ್ಕ ಸಾಕ್ಷಿ ಅಲ್ಲ. 2017ರಾಗ ಆಹಾರದ ಸುರಕ್ಷತಾ ನೋಡೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಸಾವಯವ ಆಹಾರಕ್ಕಂತನ ಬ್ಯಾರೆ ನಿಯಮ ತಂದೈತಿ, ಅದರ ಪ್ರಕಾರ ಅಂಗಡ್ಯಾಗ ಸಾವಯವ ಅಂತ ಮಾರೋ ಮಾಲಿಗೆ ಎರಡರಾಗ ಒಂದು ಪ್ರಮಾಣಪತ್ರ ಇರಬೇಕು. ಒಂದು ಎನ್‌ಪಿಒಪಿ, 2001ರಿಂದ ನಡದದ್ದು, ಹೊರಗಿನ ಸಂಸ್ಥೆಯವರು ಹೊಲಕ್ಕ ಬಂದು ಲೆಕ್ಕಪತ್ರ, ಬೀಜ, ಗೊಬ್ಬರ ಎಲ್ಲಾ ನೋಡಿ ಕೊಡೋದು, ಹೊರದೇಶಕ್ಕ ಕಳಸೋ ಮಾಲಿಗೂ ಇದ ಬೇಕು. ಇನ್ನೊಂದು ಪಿಜಿಎಸ್ ಇಂಡಿಯಾ, ರೈತರ ಗುಂಪಿನವರ ಒಬ್ಬರ ಹೊಲ ಒಬ್ಬರು ತಪಾಸ ಮಾಡಿ ಕೊಡೋದು, ಇದು ನಮ್ಮ ದೇಶದೊಳಗಷ್ಟ ನಡೀತೈತಿ. ಎರಡರ ಮ್ಯಾಲೂ ಜೈವಿಕ್ ಭಾರತ್ ಅನ್ನೋ ಗುರುತು ಇರತೈತಿ. ಆ ಗುರುತು, ಪ್ರಮಾಣಪತ್ರದ ನಂಬರ್, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಇಷ್ಟು ಇದ್ರ ತಗೋರಿ. ಇಲ್ಲಂದ್ರ ಹೆಚ್ಚಿನ ರೊಕ್ಕ ಕೊಡಬ್ಯಾಡ್ರಿ.

ಇನ್ನೊಂದು ಮಾತು. ಸಣ್ಣ ರೈತ ತಾನ ಬೆಳದು ತಾನ ನಿಮ್ಮ ಕೈಗೆ ಕೊಟ್ರ ಅವಗ ಸರ್ಟಿಫಿಕೇಟ್ ಕಡ್ಡಾಯ ಇಲ್ಲಂತ ಅದ ನಿಯಮದಾಗ ಐತಿ, ಆದ್ರ ಜೈವಿಕ್ ಭಾರತ್ ಗುರುತು ಹಚ್ಚಿಕೊಳ್ಳಾಕ ಬರಂಗಿಲ್ಲ. ಹಂಗಾಗಿ ಸಂತ್ಯಾಗ ಒಬ್ಬ ಅಜ್ಜಿ ಗುರುತಿಲ್ಲದ ಮೆಂತೆ ಪಲ್ಲೆ ಇಟ್ಟುಕೊಂಡು ಕುಂತಾಳ ಅಂದ್ರ ಆಕಿ ಸುಳ್ಳು ಅಂತಲ್ಲ. ಅಲ್ಲಿ ಗುರುತಿನ ಬದಲಿ ನೀವು ಕೇಳಬೇಕು, ಆಕಿ ಹೇಳಬೇಕು.

ಮತ್ತ ನಮ್ಮ ಕಡೆ ಒಂದು ಶಬ್ದ ಐತಿ ನೋಡ್ರಿ, "ಜವಾರಿ". ಜವಾರಿ ಸೌತಿಕಾಯಿ, ಜವಾರಿ ಬದನಿ, ಜವಾರಿ ತತ್ತಿ. ಗಿರಾಕಿ "ಜವಾರಿ ಐತೇನ್ರಿ" ಅಂತಾರ, ಮಾರೋರು "ಹೂಂ ಜವಾರಿ ಐತ್ರಿ" ಅಂತಾರ, ತಗೊಂಡವರು ಮನಿಗೆ ಹೋಗಿ "ಸಾವಯವ ತಂದೆ" ಅಂತಾರ. ಜವಾರಿ ಅಂದ್ರ ತಳಿ, ಸಾವಯವ ಅಂದ್ರ ಬೆಳಿಯೋ ರೀತಿ. ಜವಾರಿ ಬದನಿಕಾಯಿಗೂ ಎಣ್ಣಿ, ಅಂದ್ರ ಹುಳದ ಔಷಧ, ಹೊಡೀತಾರ, ವಾರಕ್ಕ ಎರಡು ಸಲ ಹೊಡಿಯೋರ್ನೂ ಕಂಡೇನಿ, ಹೈಬ್ರಿಡ್ ಬೀಜ ಹಾಕಿ ಒಂದ ಹನಿ ಎಣ್ಣಿ ಮುಟ್ಟಿಸದವರ್ನೂ ಕಂಡೇನಿ. ಸಾವಯವದಾಗ ಕುಲಾಂತರಿ ಬೀಜಕ್ಕ ಮಾತ್ರ ಜಾಗಾನ ಇಲ್ಲ, ಬಿಟಿ ಹತ್ತಿ ಹಾಕಿ ಸಾವಯವ ಅನ್ನಾಕ ಬರಂಗಿಲ್ಲ.

ಜಮಖಂಡಿ ತಾಲೂಕಿನಿಂದ ಒಬ್ಬ ರೈತ: ನಾಕ ಎಕರೆ ಐತಿ, ಮೂರು ಕಬ್ಬು, ಒಂದು ಅರಿಷಿಣ. ಭೂಮಿ ಬಿರುಸಾಗೈತಿ, ಯೂರಿಯಾ ಹೆಚ್ಚು ಹಾಕಿದ್ರೂ ಇಳುವರಿ ಏರವಲ್ದು. ಸಾವಯವಕ್ಕ ಬರಬೇಕಂತ ಮನಸೈತಿ, ಮನ್ಯಾಗ ಒಪ್ಪವಲ್ರು. ಏನ ಮಾಡಲಿ?

ತಮ್ಮಾ, ನಿಮ್ಮ ಮನಿಯವರು ಒಪ್ಪದ್ದಕ್ಕ ಕಾರಣ ಐತಿ, ಅವರನ್ನ ಬೈಬ್ಯಾಡ. 45 ಕೆಜಿ ಯೂರಿಯಾ ಚೀಲಕ್ಕ 266 ರೂಪಾಯಿ 50 ಪೈಸೆ, ಒಂದ ಆಳು ಒಂದ ತಾಸಿನ್ಯಾಗ ಎಕರೆಕ್ಕ ಒಗದು ಬರ್ತಾನ. ಅದ ಎಕರೆಕ್ಕ ತಿಪ್ಪಿ ಗೊಬ್ಬರ ಹಾಕಬೇಕಂದ್ರ ಟ್ರ್ಯಾಕ್ಟರ್ ಟ್ರೇಲಿ ಎಷ್ಟು ಬೇಕು, ತುಂಬೋ ಆಳೆಷ್ಟು ಬೇಕು, ಮೊದಲ ಗೊಬ್ಬರ ಎಲ್ಲೈತಿ, ಎತ್ತು ಮಾರಿ ಟ್ರ್ಯಾಕ್ಟರ್ ತಂದಾಗನ ತಿಪ್ಪಿ ಖಾಲಿ ಆತು. ನಮ್ಮ ಹಿರ್ಯಾರು ಯೂರಿಯಾಕ್ಕ "ಸರ್ಕಾರಿ ಗೊಬ್ಬರ" ಅಂತಿದ್ರು, ಈಗೂ ಅಂತಾರ, ಅಂದ್ರ ಸರ್ಕಾರನ ಹೇಳಿ ಹಾಕಿಸಿದ್ದು ಅನ್ನೋ ನೆನಪು ಆ ಶಬ್ದದಾಗ ಉಳದೈತಿ. ಈಗ ಅದ ರೈತಗ "ವಿಷ ಹಾಕ್ತೀರಿ" ಅಂದ್ರ ಅವಗ ಸಿಟ್ಟು ಬರತೈತಿ, ಬರಬೇಕು ಕೂಡ.

ಲೆಕ್ಕಾ ನೋಡು. 2025-26ರ ಹಂಗಾಮಿಗೆ ಕಬ್ಬಿಗೆ ಕೇಂದ್ರದ ಎಫ್‌ಆರ್‌ಪಿ, ಅಂದ್ರ ಕಾರ್ಖಾನಿಯವರು ಕೊಡಾಕಬೇಕಾದ ಕಡಿಮಿ ರೇಟು, ನೂರಕ್ಕ 10.25 ರಿಕವರಿಗೆ (ಕಬ್ಬಿನಿಂದ ಬರೋ ಸಕ್ಕರಿ ಪ್ರಮಾಣ) ಟನ್ನಿಗೆ 3550 ರೂಪಾಯಿ. ಆ ರೇಟಿನಾಗ ರಿಕವರಿ ಹೆಸರೈತಿ, ಸಾವಯವದ ಹೆಸರಿಲ್ಲ. ಕಾರ್ಖಾನಿ ಕಾಟಾದ ಮ್ಯಾಲೆ ನಿನ್ನ ಸಾವಯವ ಕಬ್ಬೂ ಒಂದ, ಬಾಜು ಹೊಲದವನ ಸರ್ಕಾರಿ ಗೊಬ್ಬರದ ಕಬ್ಬೂ ಒಂದ. ಹಂಗಾಗಿ ಕಾರ್ಖಾನಿಗೆ ಕಳಸೋ ಕಬ್ಬಿನಾಗ ಸಾವಯವದ ಹೆಚ್ಚಿನ ರೇಟ್ ಹುಡುಕಬ್ಯಾಡ, ಅಲ್ಲಿ ಉಳಿಯೋದು ಖರ್ಚಿನಾಗ ಮಾತ್ರ. ರವದಿ, ಅಂದ್ರ ಕಬ್ಬಿನ ಒಣ ಎಲಿ, ಸುಡೋದ ಬಿಡು, ಸಾಲಿನ್ಯಾಗ ಹಾಸು, ಕೂಳಿ (ಕಡದ ಮ್ಯಾಲೆ ಮತ್ತ ಚಿಗಿಯೋ) ಕಬ್ಬಿಗೆ ನೀರು ಕಡಿಮಿ ಹಿಡೀತೈತಿ, ಕಸಾ ಕಡಿಮಿ ಏಳತೈತಿ, ಎರಡು ವರ್ಷದಾಗ ಎರಿಹುಳ ಕಾಣ್ತಾವ. ಮೂರ ಎಕರೆಕ್ಕೂ ಇದನ್ನ ಮಾಡು, ಇದಕ್ಕ ಯಾರ ಸರ್ಟಿಫಿಕೇಟೂ ಬೇಕಿಲ್ಲ, ಮನಿಯವರೂ ಜಗಳಾ ತಗಿಯಂಗಿಲ್ಲ.

ಸಾವಯವ ಅಂತ ಮಾರೋದಿದ್ರ ಅರಿಷಿಣ ಇಟ್ಟುಕೊ, ಇಲ್ಲಾ ಅರ್ಧ ಎಕರೆ ಕಬ್ಬು ಗಾಣಕ್ಕ ಹಾಕಿ ಬೆಲ್ಲ ಮಾಡು. ನಮ್ಮ ಮಹಾಲಿಂಗಪುರದ ಬೆಲ್ಲದ ಪ್ಯಾಟಿ ನೋಡೀಯಲ್ಲ, ಅಲ್ಲಿ ಹಳದಿ ಬಂಗಾರದಂಗ ಹೊಳಿಯೋ ಬೆಲ್ಲದ ಪೆಂಟಿಗೆ ಹರಾಜಿನ ಸವಾಲು ಏರತೈತಿ, ಕರಿ ಕೆಂಪು ಪೆಂಟಿ ಮೂಲ್ಯಾಗ ಕುಂದರತೈತಿ. ಆ ಹೊಳಪು ಬರಬೇಕಂತ ಹೈಡ್ರೋಸ್ ಅನ್ನೋ ಬಣ್ಣ ತಿಳಿ ಮಾಡೋ ರಾಸಾಯನಿಕ ಹಾಕ್ತಾರ, ಅದರಿಂದ ಬೆಲ್ಲದಾಗ ಗಂಧಕದ ಡೈಆಕ್ಸೈಡ್ ಉಳೀತೈತಿ, ಕಾನೂನಿನ ಮಿತಿ 70 ಪಿಪಿಎಂ, ಅಂದ್ರ ಕೆಜಿಗೆ 70 ಮಿಲಿಗ್ರಾಂ. ಕೊಪ್ಪರಿಗಿ ಮುಂದ ನಿಂತು ಮಿತಿ ಅಳಿಯೋರು ಯಾರಿದಾರ? ಭೇಂಡಿ ಗಿಡದ ಲೋಳಿ ಹಾಕಿ ಹೊಲಸು ತಗದ್ರ ಬೆಲ್ಲ ಸ್ವಚ್ಛ ಆಗತೈತಿ, ಬಣ್ಣ ಮಾತ್ರ ಕಂದು ಉಳೀತೈತಿ, ಆ ಕಂದು ಬಣ್ಣಕ್ಕ ಗಿರಾಕಿನ್ನ ನೀನ ಹುಡುಕಬೇಕು.

ಈಗ ಸರ್ಟಿಫಿಕೇಟಿನ ಮಾತು. ಎನ್‌ಪಿಒಪಿ ಒಬ್ಬನ ಮಾಡಸಾಕ ನಾಕ ಎಕರೆ ರೈತಗ ಖರ್ಚು ಜಡ ಆಗತೈತಿ, ಪಿಜಿಎಸ್ ಬೇಶಿ. ಕಡಿಮಿ ಅಂದ್ರ ಐದು ಮಂದಿ ರೈತರು ಬೇಕು. ವರ್ಷದ ಬೆಳಿಗೆ ಎರಡು ವರ್ಷ, ದಾಳಿಂಬ್ರಿ ದ್ರಾಕ್ಷಿ ಲಿಂಬಿ ಅಂಥ ಗಿಡಕ್ಕ ಮೂರು ವರ್ಷ ಬದಲಾವಣಿ ಕಾಲ ಅಂತ ಹಿಡಿ. ಆ ಕಾಲದಾಗ ನೀನು ಏನೂ ಹಾಕಂಗಿಲ್ಲ, ಆದ್ರ ಪೂರಾ ಸಾವಯವ ಅಂತ ಹೇಳಾಕೂ ಬರಂಗಿಲ್ಲ, ಪಿಜಿಎಸ್ ಗ್ರೀನ್ ಅಂತ ಗುರುತು ಕೊಡ್ತಾರ. ಪ್ಯಾಟ್ಯಾಗ ಗ್ರೀನ್ ಅಂದ್ರ ಏನಂತ ಯಾರಿಗೂ ತಿಳಿವಲ್ದು, ಅರ್ಧ ಸಾವಯವ ಅಂದ್ರ ಅರ್ಧ ರೇಟಿಗೂ ಕೇಳೋರಿಲ್ಲ. ಇಳುವರಿ ಬೀಳೋದೂ ಅದ ಕಾಲದಾಗ, ರೇಟ್ ಸಿಗದ ಇರೋದೂ ಅದ ಕಾಲದಾಗ. ರೈತ ಸಾವಯವ ಬಿಟ್ಟು ಓಡೋದು ಅಲ್ಲೇ ನೋಡು, ಹುಳದ ಸಲುವಾಗಿ ಓಡಂಗಿಲ್ಲ, ಗಿರಾಕಿ ಇಲ್ಲದಕ್ಕ ಓಡ್ತಾನ.

ನಮ್ಮದು ಏಳು ಮಂದಿ ಗುಂಪಿತ್ತು. ಎರಡನೇ ವರ್ಷ ನನ್ನ ಅರಿಷಿಣ ಬಾಳ ಬಿತ್ತು, ಮನ್ಯಾಗ ಮಾತು ಬಿಟ್ರು. ಬದುವಿನ ಮ್ಯಾಲಿನ ಅಲಸಂದಿ ಎಲಿ ಒಂದಿನ ಮುಂಜಾನೆ ನೋಡ್ತೀನಿ, ಮುಟಿಗಿ ಹಿಡಿದಂಗ ಮುರುಟ್ಯಾವ, ಬಾಜು ಹೊಲದವರು ಕಬ್ಬಿನ ಕಸಕ್ಕ ಹೊಡೆದ ಎಣ್ಣಿ ಗಾಳಿಗೆ ಹಾರಿ ಬಂದಿತ್ತು. ಅವರ ತಪ್ಪೂ ಅಲ್ಲ, ಗಾಳಿ ದಿಕ್ಕು ತಿರುಗಿತ್ತು. ಆವತ್ತಿಂದ ಆ ಕಡೆ ಬದುವಿಗೆ ಗೊಬ್ಬರದ ಗಿಡ, ನುಗ್ಗಿ ಹಚ್ಚಿ ಆರು ಸಾಲು ಬಿಟ್ಟೇನಿ, ಆ ಸಾಲಿನ ಮಾಲು ಬ್ಯಾರೆ ಮಾರ್ತೀನಿ. ಇನ್ನ ಗುಂಪಿನಾಗ ಒಬ್ಬರು ರಾತ್ರಿ ಯೂರಿಯಾ ಒಗದಿದ್ರು, ಎಂಟು ದಿನದಾಗ ಎಲಿ ಕರಿ ಹಸರಾಗಿ ತಾನ ಹೇಳತಿತ್ತು. ತಪಾಸಕ್ಕ ಹೋದವರು ನಾವ, ಅವರು ನಮ್ಮ ಬೀಗರ ಕಡೆಯವರು, ಸಹಿ ಹ್ಯಾಂಗ ಮಾಡೋದು, ಮಾಡದ ಹ್ಯಾಂಗ ಬರೋದು. ಚಾ ಕುಡುದು ಅರ್ಧ ತಾಸು ಯಾರೂ ಬಾಯಿ ಬಿಡಲಿಲ್ಲ. ಕಡೀಕ ಅವರ ಎದ್ದು "ಮಗಳ ಮದವಿ ಐತ್ರಿ, ಈ ವರ್ಷ ನನ್ನ ಬಿಡ್ರಿ" ಅಂದ್ರು. ನಾನು ಅವರನ್ನ ಕಳ್ಳ ಅನ್ನಂಗಿಲ್ಲ. ಆದ್ರ ಆವತ್ತು ಸಹಿ ಮಾಡಿದ್ರ ಉಳಿದ ಆರು ಮಂದಿ ಚೀಟಿಗೆ ಬೆಲಿ ಇರತಿರಲಿಲ್ಲ.

ನನ್ನ ಹಿಡಿದು ನಿಲ್ಲಿಸಿದ್ದು ಬಾಗಲಕೋಟಿ ನವನಗರದ ಹನ್ನೊಂದು ಮನಿ. ಅವರಿಗೆ ಮೊದಲ ಹೇಳಿದ್ದೆ, "ಇದು ಇನ್ನೂ ಸಾವಯವ ಅಲ್ರಿ, ಎರಡನೇ ವರ್ಷದ್ದು, ಏನೂ ಹಾಕಿಲ್ಲ, ಬಣ್ಣ ಚಲೋ ಇಲ್ಲ". ಅವರು ಗಾಣ ಆಡೋ ದಿನ ಬಂದು ಕುಂತು ನೋಡಿ, ವರ್ಷದ ಬೆಲ್ಲ ಹೇಳಿ ಅರ್ಧ ರೊಕ್ಕ ಮುಂಗಡ ಕೊಟ್ಟು ಹೋದ್ರು. ಹಂಗಾಗಿ ನಿನಗ ನನ್ನ ಮಾತು ಇಷ್ಟ: ಮೊದಲ ಹತ್ತು ಮನಿ ಹುಡುಕು, ಆಮ್ಯಾಲೆ ಒಂದ ಎಕರೆ ಬಿಡು. ಉಲ್ಟಾ ಮಾಡಬ್ಯಾಡ.

ವಿಜಯಪುರದಿಂದ ಕಾಲೇಜು ಹುಡುಗ: ನಮ್ಮ ತಿಕೋಟಾ ಕಡೆ ದ್ರಾಕ್ಷಿ ಹೊರದೇಶಕ್ಕ ಹೋಗೋದಕ್ಕ ಟೆಸ್ಟ್ ಮಾಡ್ತಾರಂತ, ನಾವು ತಿನ್ನೋದಕ್ಕ ಯಾಕಿಲ್ಲ? ಮತ್ತ ಹಸರ ಒಣದ್ರಾಕ್ಷಿ ಚಲೋನೋ ಕಂದಿದ್ದು ಚಲೋನೋ?

ಚಲೋ ಕೇಳೀಪಾ. ಯುರೋಪಿಗೆ ಹೋಗೋ ದ್ರಾಕ್ಷಿಗೆ ರಫ್ತು ನೋಡಿಕೊಳ್ಳೋ ಕೇಂದ್ರದ ಸಂಸ್ಥೆ ಅಪೇಡಾದ ಗ್ರೇಪ್‌ನೆಟ್ ಅಂತ ವ್ಯವಸ್ಥಾ ಐತಿ, ಪ್ಲಾಟ್ ನೋಂದಣಿ ಆಗಬೇಕು, ಮಾಲು ತಗದು ಲ್ಯಾಬಿಗೆ ಕಳಸಬೇಕು, ಯಾವ ಪೆಟ್ಟಿಗಿ ಯಾವ ತ್ವಾಟದ್ದು ಅಂತ ಅಲ್ಲಿಂದ ಇಲ್ಲೀತನಕ ಗುರುತು ಸಿಗತೈತಿ. 2010ರಾಗ ಕ್ಲೋರ್ಮೆಕ್ವಾಟ್ ಅನ್ನೋ ಬೆಳವಣಿಗಿ ತಡಿಯೋ ಔಷಧ, ನಮ್ಮವರು ಸಿಸಿಸಿ ಅಂತಾರಲ್ಲ ಅದರ ಅಂಶ ಸಿಕ್ಕಿತಂತ ಭಾರತದ ದ್ರಾಕ್ಷಿ ಯುರೋಪಿನಾಗ ಸಿಕ್ಕೊಂಡು ಬೆಳೆಗಾರರು ಬಾಳ ಹೊಡತಾ ತಿಂದ್ರು, ಆಮ್ಯಾಲೆ ಎಲ್ಲಾರೂ ಹುಷಾರ್ ಆದ್ರು. ಆದ್ರ ಟೆಸ್ಟ್ ಪಾಸಾದ ದ್ರಾಕ್ಷಿ ಸಾವಯವ ಅಲ್ಲ, ಎಣ್ಣಿ ಹೊಡೆದು ಕಟಾವಿಗೆ ಮುಂಚೆ ಇಷ್ಟು ದಿನ ಬಿಟ್ಟಾರ, ಉಳಿದ ಅಂಶ ಮಿತಿಯೊಳಗೈತಿ ಅನ್ನೋದಷ್ಟ ಅದರ ಅರ್ಥ. ಅಷ್ಟರ ನಮ್ಮ ಪ್ಯಾಟಿಗೂ ಬೇಕು ಅನ್ನೋದು ನನ್ನ ಹಠ. ಮಿತಿ ಕಾನೂನಿನಾಗ ನಮಗೂ ಐತಿ, ಆದ್ರ ಹೊರಗಿನ ಗಿರಾಕಿ ಪೆಟ್ಟಿಗಿ ವಾಪಸ್ ಕಳಸ್ತಾನ, ನಾವು ಚೌಕಾಶಿ ಮಾಡಿ ಚೀಲದಾಗ ಹಾಕ್ಕೊಂಡು ಬರ್ತೀವಿ, "ಕಡೇ ಎಣ್ಣಿ ಯಾವಾಗ ಹೊಡದ್ರಿ" ಅಂತ ಒಬ್ಬರೂ ಕೇಳಂಗಿಲ್ಲ.

ಒಣದ್ರಾಕ್ಷಿದು: ಡಿಪ್ಪಿಂಗ್ ಆಯಿಲ್, ಪೊಟ್ಯಾಸಿಯಂ ಕಾರ್ಬೊನೇಟ್ ನೀರಾಗ ಅದ್ದಿ ಶೆಡ್ಡಿನ ನೆರಳಾಗ ಒಣಗಸ್ತಾರ, ಲಗೂ ಒಣಗಲಿ ಅಂತ. ಹಳದಿ, ಹಸರ ಬಣ್ಣ ಉಳಿಲಿ ಅಂತ ಗಂಧಕದ ಹೊಗಿ ಕೊಡ್ತಾರ. ಗಂಧಕ ಇಲ್ಲದ್ದು ಬಾಳ ಮಾಡಿ ಕಂದು ಆಗತೈತಿ. ದಮ್ಮು ಇದ್ದ ಕೆಲವರಿಗೆ ಗಂಧಕ ಆಗಿ ಬರಂಗಿಲ್ಲ, ನಿಮ್ಮ ಮನ್ಯಾಗ ಅಂಥವರಿದ್ರ ಕಂದು ತಗೋ. ಆದ್ರ ಕಂದು ಅಂದಕೂಡ್ಲೆ ಸಾವಯವ ಅನಕೋಬ್ಯಾಡ.

ಗೋಕಾಕದಿಂದ ಓದುಗರು: ಕಾಫಿ ಪಾಕೀಟಿನ ಮ್ಯಾಲೆ ಕಪ್ಪಿ ಚಿತ್ರ ಇತ್ತು, ಚಾಕಲೇಟಿನ ಮ್ಯಾಲೆ ಫೇರ್‌ಟ್ರೇಡ್ ಅಂತಿತ್ತು. ಇವೂ ಸಾವಯವನ?

ಅಲ್ರಿ, ಅವು ಬ್ಯಾರೆ. ಹಸರ ಕಪ್ಪಿ ಅಂದ್ರ ರೇನ್‌ಫಾರೆಸ್ಟ್ ಅಲಯನ್ಸ್, ಕಾಡು, ನೀರು, ಕೂಲಿಕಾರರ ಹಕ್ಕು ಇವುಗಳ ನಿಯಮ ಪಾಲಸ್ಯಾರ ಅಂತ. ಫೇರ್‌ಟ್ರೇಡ್ ಅಂದ್ರ ಬೆಳೆಗಾರರಿಗೆ ನ್ಯಾಯದ ರೇಟು, ಬಾಳಷ್ಟು ಬೆಳಿಗೆ ಇದಕ್ಕಿಂತ ಕೆಳಗ ಹೋಗಬಾರದು ಅನ್ನೋ ಕನಿಷ್ಠ ಬೆಲಿ, ಅದರ ಮ್ಯಾಲೆ ಇಷ್ಟು ಅಂತ ಪ್ರೀಮಿಯಂ ರೊಕ್ಕ, ಆ ರೊಕ್ಕ ಸಾಲಿಗೋ ಬಾವಿಗೋ ಏನಕ್ಕ ಅಂತ ಆ ರೈತರ ಕೂಲಿಕಾರರ ಗುಂಪ ಕುಂತು ಠರಾಯಿಸ್ತಾರ. ಎರಡರಾಗೂ ಕೆಲವು ರಾಸಾಯನಿಕಕ್ಕ ಪರವಾನಗಿ ಐತಿ.

ನಿಮ್ಮ ಪ್ರಶ್ನೆ ನನ್ನ ನಮ್ಮ ಊರ ಕಡೆ ತಿರುಗಿಸ್ತು. ಕಬ್ಬಿನ ಹಂಗಾಮು ಬಂತಂದ್ರ ಬೀಡ ಜಿಲ್ಲಾದಿಂದ ಗ್ಯಾಂಗ್ ನಮ್ಮ ಬೆಳಗಾವಿ, ಬಾಗಲಕೋಟಿ ಕಡೆ ಬರ್ತಾವ, ನಮ್ಮ ವಿಜಯಪುರದ ತಾಂಡಾದವರು ಮಹಾರಾಷ್ಟ್ರಕ್ಕ ಹೋಗ್ತಾರ. ಮುಂಗಡ ತಗೊಂಡಿರ್ತಾರ, ಹೊಲದ ಬದುವಿಗೆ ಪಾಲದ ಗುಡಸಲಾ, ನಸಿಕಿನ್ಯಾಗ ನಾಕಕ್ಕ ಕೊಯ್ತಾ ಹಿಡೀತಾರ, ಸಾಲಿಗೆ ಹೋಗೋ ಕೂಸು ತಮ್ಮನ್ನ ಬಗಲಾಗಿಟ್ಟುಕೊಂಡು ಗುಡಸಲ ಕಾಯ್ತಿರತೈತಿ. ನನ್ನ ಹೊಲಕ್ಕ ಬಂದ ಗ್ಯಾಂಗಿನಾಗೂ ಹಂಗ ಒಂದ ಹುಡುಗಿ ಇದ್ಲು, ನಾಕನೇ ಇಯತ್ತೆ ಅಂದ್ಲು, ಪುಸ್ತಕ ಊರಾಗ ಬಿಟ್ಟು ಬಂದಿದ್ಲು. ಆ ಕಬ್ಬಿನ ಬೆಲ್ಲದ ಮ್ಯಾಲೆ ನಾನು "ವಿಷಮುಕ್ತ" ಅಂತ ಚೀಟಿ ಹಚ್ಚಿದ್ದೆ, ಹಚ್ಚುವಾಗ ಕೈ ತಡೀತು. ಸಾವಯವದ ಸರ್ಟಿಫಿಕೇಟು ಕೊಡೋರು ಗೊಬ್ಬರದ ರಶೀದಿ ಕೇಳಿದಷ್ಟು ಗಟ್ಟಿಯಾಗಿ ಕೂಲಿಯವರ ಬಗ್ಗೆ ಯಾಕ ಕೇಳಬಾರದು? ಈಗ ಗಾಣದ ಕಬ್ಬಿಗೆ ನಮ್ಮೂರ ಹೆಣ್ಣಾಳು ಗಂಡಾಳಿಗೆ ಒಂದ ಪಗಾರ ಕೊಟ್ಟು ಕಡಸ್ತೀನಿ, ಅದರಿಂದ ಬೆಲ್ಲಕ್ಕ ಕೆಜಿಗೆ ಮೂರು ರೂಪಾಯಿ ಹೆಚ್ಚಾತು, ಯಾಕ ಹೆಚ್ಚಾತು ಅಂತ ಆ ಹನ್ನೊಂದು ಮನಿಗೂ ಹೇಳೇನಿ. ಒಂಬತ್ತು ಮನಿ ಉಳಿದಾವ.

ಬಾಗಲಕೋಟೆಯಿಂದ ನಿವೃತ್ತ ನೌಕರರು: ಪಿಂಚಣ್ಯಾಗ ಎಲ್ಲಾ ಸಾವಯವ ತರಾಕ ಆಗಂಗಿಲ್ಲ. ಏನ ಬಿಡಬೇಕು, ಏನ ತರಬೇಕು?

ಜೋಳದ ಸಲುವಾಗಿ ಹೆಚ್ಚಿನ ರೊಕ್ಕ ಕೊಡಬ್ಯಾಡ್ರಿ. ಡೋಣಿ ಹರಿದ್ರ ಓಣಿಯೆಲ್ಲಾ ಜೋಳ ಅಂತಾರಲ್ಲ, ಆ ಡೋಣಿ ಹೊಳಿ ಕಡೆ ಕರಿ ಎರಿ ಭೂಮ್ಯಾಗ ಹಿಂಗಾರಿ ಬಿಳಿಜೋಳ, ಮಾಲದಂಡಿ ತಳಿ, ಭೂಮಿ ಹಸೀ ಮ್ಯಾಲೆ ಬೆಳೀತೈತಿ, ಅದಕ್ಕ ಎಣ್ಣಿ ಹೊಡಿಯೋರು ಕಡಿಮಿ, ಗೊಬ್ಬರ ಹಾಕೋರೂ ಕಡಿಮಿ. ಗೊತ್ತಿದ್ದ ರೈತನ ಕಡಿಂದ ವರ್ಷದ್ದು ಒಮ್ಮೆ ಚೀಲ ತುಂಬಿಸಿ ಇಟ್ಟುಕೋರಿ. ರೊಕ್ಕ ಉಳಿಸಿ ಹಸೀ ತಿನ್ನೋದಕ್ಕ, ಸಿಪ್ಪಿ ತಗಿಯದ ತಿನ್ನೋದಕ್ಕ ಕೊಡ್ರಿ, ದ್ರಾಕ್ಷಿ, ಟಮಾಟಿ, ಕೊತ್ತಂಬರಿ, ಮೆಣಸಿನಕಾಯಿ. ಹರಿಯೋ ನೀರಾಗ ತೊಳದ್ರ ಮ್ಯಾಲಿಂದು ಸ್ವಲ್ಪ ಹೋಗತೈತಿ, ಗಿಡ ಒಳಗ ಎಳಕೊಂಡ ಔಷಧ ತೊಳದ್ರ ಹೋಗಂಗಿಲ್ಲ. ಹಂಗಾಮು ಬಿಟ್ಟು ಬರೋ ತರಕಾರಿ ತಿನ್ನಬ್ಯಾಡ್ರಿ, ಹುಳ ರೋಗ ಜಾಸ್ತಿ, ಎಣ್ಣಿನೂ ಜಾಸ್ತಿ.

ರಾಮದುರ್ಗ ತಾಲೂಕಿನಿಂದ ಒಬ್ಬ ರೈತ, ಸಿಟ್ಟಿನಿಂದ: ಪ್ಯಾಟಿ ಮಂದಿಗೆ ವಿಷ ಇಲ್ಲದ್ದು ಬೇಕು, ಸಂತ್ಯಾಗ ಐದ್ರೂಪಾಯಿಗೆ ಜಗಳಾಡ್ತಾರ. ಹುಳ ತಿಂದ ಒಂದ ಬದನಿಕಾಯಿ ಕಂಡ್ರ ಬುಟ್ಟಿನ ಒಗೀತಾರ. ನಾವ್ಯಾಕ ಸಾಯಬೇಕು?

ನಿಮ್ಮ ಸಿಟ್ಟು ಖರೇ ಐತ್ರಿ ಅಣ್ಣಾರ. ನುಣಪನ ಕಾಯಿನ ಬೇಕಂದ್ರ ಎಣ್ಣಿನ ಕೇಳಿದಂಗ, ಇದನ್ನ ನಾನು ಈ ಅಂಕಣದಾಗ ಎಷ್ಟೋ ಸಲ ಬರದೇನಿ. ಆದ್ರ ನಮ್ಮ ಕಡೆದೂ ಒಂದು ಮಾತು ಹೇಳಾಕಬೇಕು. ನಮ್ಮ ಎಷ್ಟು ಮನ್ಯಾಗ ಹಿತ್ತಲದ ನಾಕ ಸಾಲು ಮನಿಗೆ ಬ್ಯಾರೆ, ಹೊಲದ್ದು ಮಾರಾಕ ಬ್ಯಾರೆ ಐತಿ? ಆ ನಾಕ ಸಾಲಿಗೆ ನಾವು ಎಣ್ಣಿ ಮುಟ್ಟಿಸಂಗಿಲ್ಲ ಅಂದ್ರ ನಮಗ ಗೊತ್ತೈತಿ ಅಂತನ ಅರ್ಥ. ಡಬ್ಬಿ ಮ್ಯಾಲೆ ಕೆಂಪು ತ್ರಿಕೋನ ಇದ್ರ ಬಾಳ ಜಹರು, ಆಮ್ಯಾಲೆ ಹಳದಿ, ನೀಲಿ, ಹಸರ ಅಂತ ಇಳೀತೈತಿ, ಅದನ್ನೂ ನೋಡದ ಅಂಗಡಿಯವರು ಕೊಟ್ಟದ್ದ ಹೊಡೀತೀವಿ, ಮುಖಕ್ಕ ಅರಬಿ ಸೈತ ಕಟ್ಟಂಗಿಲ್ಲ, ಮೊದಲ ಜಡ್ಡು ಬೀಳೋದು ನಾವ.

ನಾನು ಮಾಡೋದ ಹೇಳ್ತೀನಿ, ಬೇಕಾದ್ರ ಮಾಡಿ ನೋಡ್ರಿ. ಸಾವಯವ ಅಲ್ಲದ ಹೊಲದ ಬದನಿ, ಟಮಾಟಿನೂ ನಾನು ಮಾರ್ತೀನಿ. ಬುಟ್ಟಿ ಬಾಜೂಕ ಒಂದ ಪಾಟಿ ಇಟ್ಟು ಸೀಮೆಸುಣ್ಣದಾಗ ಬರೀತೀನಿ, ಯಾವ ಎಣ್ಣಿ, ಯಾವ ತಾರೀಖು, ಕೊಯ್ದದ್ದು ಯಾವಾಗ. ಮೊದಲ ನಾಕ ವಾರ ಮಂದಿ ಓದಿ ಬಾಜು ಬುಟ್ಟಿಗೆ ಹೋದ್ರು, ನನ್ನ ಹೆಂಡತಿ ಪಾಟಿ ಒಗದ ಬಿಡು ಅಂದ್ಲು. ಐದನೇ ವಾರ ಒಬ್ಬ ಹೆಣ್ಣಮಗಳು ನಮ್ಮ ಪಾಟಿ ಓದಿ, ಬಾಜೂಕಿನವನ ಕಡೆ ತಿರುಗಿ, "ನೀವು ಯಾವಾಗ ಹೊಡದ್ರಿ?" ಅಂತ ಕೇಳಿದ್ಲು. ಅವ ಸುಮ್ಮನ ಕುಂತ. ಮುಂದಿನ ಸಂತಿಗೆ ಅವನೂ ಒಂದ ಪಾಟಿ ತಂದಿದ್ದ.